ಹಠಾತ್ ಸಾವಿನ ಪೋಸ್ಟ್‌ಮಾರ್ಟಂನಲ್ಲಿ ಎರಡು ಟ್ಯೂಬ್ ತೆಗೆದಿಡಿಸಿ: ಆರೋಗ್ಯ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು, ಬೆಂಗಳೂರು, ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.

ವಿಷಯ: ಹಠಾತ್ ಸಾವುಗಳಲ್ಲಿ ಹೃದಯಕ್ಕೆ ಆದ ಪೆಟ್ಟನ್ನು ಗುರುತಿಸಲು ರಕ್ತ ಮತ್ತು ಹೃದಯ ಚೀಲದ ನೀರಿನ ಸ್ಯಾಂಪಲ್ ತೆಗೆದಿಡುವ ಬಗ್ಗೆ.

ಮಾನ್ಯರೇ,

ನಾನು ಕಲಬುರಗಿಯವಳು. ಈ ಭಾಗದ ಆಸ್ಪತ್ರೆಗಳ ಬಯೋಕೆಮಿಸ್ಟ್ರಿ ಲ್ಯಾಬ್‌ಗಳಲ್ಲಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ಎದೆನೋವು ಅಂತ ಬಂದವರ ರಕ್ತದಲ್ಲಿ ಟ್ರೋಪೋನಿನ್, ಅಂದರೆ ಹೃದಯಕ್ಕೆ ಪೆಟ್ಟಾದರೆ ಏರುವ ಪ್ರೋಟೀನ್, ನೋಡಿ ರಿಪೋರ್ಟ್ ಕೊಡುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಈ ಪತ್ರ ಸತ್ತವರ ರಕ್ತದ ಬಗ್ಗೆ. ಅದನ್ನು ನಮ್ಮಲ್ಲಿ ಒಂದೋ ಯಾರೂ ತೆಗೆದಿಡುವುದಿಲ್ಲ, ಇಲ್ಲವೇ ತಪ್ಪಾಗಿ ತೆಗೆದು ತಪ್ಪಾಗಿ ಓದುತ್ತಾರೆ. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಎರಡರಲ್ಲೂ ನಷ್ಟ ಆಗಿದ್ದು ಬಡವರಿಗೆ.

2025ರಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲಾಗಿ ಸಾವಿನ ಸುದ್ದಿ ಬಂದಾಗ ರಾಜ್ಯವೇ ಗಾಬರಿಯಾಗಿತ್ತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿ ಮಾಡಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಮಾಡಿಸಬೇಕು ಅಂತ ಆ ಜುಲೈನಲ್ಲಿ ಘೋಷಣೆಯೂ ಆಯಿತು. ಅದನ್ನು ಕೇಳಿ ನನಗೆ ನಿಜವಾಗಿ ಖುಷಿಯಾಯಿತು. ಆದರೆ ಪೋಸ್ಟ್‌ಮಾರ್ಟಂ ಕಡ್ಡಾಯ ಅಂದರೆ ಅರ್ಧ ಕೆಲಸ ಆದ ಹಾಗೆ. ಆ ಟೇಬಲ್ ಮೇಲೆ ಏನನ್ನು ನೋಡುತ್ತಾರೆ, ಏನನ್ನು ತೆಗೆದಿಡುತ್ತಾರೆ ಅನ್ನುವುದು ಇನ್ನರ್ಧ. ಆ ಅರ್ಧದ ಬಗ್ಗೆ ನಾನು ಬರೆಯುತ್ತಿದ್ದೇನೆ.

ನನ್ನ ಸೋದರಮಾವನ ಮಗ ಫರ್ಸಿ ಕಲ್ಲಿನ ಖಣಿಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ವಯಸ್ಸು ನಲವತ್ತು ದಾಟಿರಲಿಲ್ಲ. ನಮ್ಮ ಕಡೆಯ ಮೇ ತಿಂಗಳು ಹೇಗಿರುತ್ತದೆ ಅಂತ ತಮಗೆ ಗೊತ್ತಿದೆ. 43, 44 ಡಿಗ್ರಿ ಅನ್ನುವುದು ಇಲ್ಲಿ ಸುದ್ದಿಯೂ ಅಲ್ಲ. ಅಂಥ ಒಂದು ಮಧ್ಯಾಹ್ನ ಕಲ್ಲು ಎತ್ತುತ್ತಾ ಎತ್ತುತ್ತಾ ಕುಸಿದು ಬಿದ್ದ. ಜೊತೆಯವರು ಟಂಟಂನಲ್ಲಿ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ತಂದರು. ತರುವಷ್ಟರಲ್ಲಿ ಜೀವ ಹೋಗಿತ್ತು. ಪಂಚನಾಮೆ ಮುಗಿಯುವಾಗ ಕತ್ತಲಾಯಿತು. ರಾತ್ರಿಯಿಡೀ ಶವ ಶವಾಗಾರದಲ್ಲಿತ್ತು. ಅಲ್ಲಿನ ಫ್ರೀಜರ್ ಕೆಟ್ಟು ನಿಂತಿತ್ತು. ಬೆಳಗ್ಗೆ ಪೋಸ್ಟ್‌ಮಾರ್ಟಂ ಆಯಿತು. ವಿಷ ಏನಾದರೂ ಇದೆಯಾ ಅಂತ ನೋಡಲು ವಿಸೆರಾ, ಅಂದರೆ ಹೊಟ್ಟೆ, ಲಿವರ್‌ನಂಥ ಒಳ ಅಂಗಗಳ ಚೂರು, ಕಳಿಸಿದರು. ಬಹಳ ದಿನಗಳ ಮೇಲೆ ವಿಷ ಇಲ್ಲ ಅಂತ ವರದಿ ಬಂತು. ಅಂತಿಮ ಕಾರಣ ಅಂತ ಬರೆದಿದ್ದು ಒಂದೇ ಸಾಲು: ಹೃದಯ ಮತ್ತು ಉಸಿರಾಟ ನಿಂತು ಸಾವು.

ಅವನ ಹೆಂಡತಿ ಆ ಕಾಗದ ಹಿಡಿದು ನನ್ನ ಹತ್ತಿರ ಬಂದಳು. 'ಅಕ್ಕಾ, ಸತ್ತ ಮ್ಯಾಲೆ ಯಾರ್ದಾದ್ರೂ ಎದಿ ಬಡೀತದೇನು? ಯಾಕ ನಿಂತ್ತು ಅಂತ ಬರೀಬೇಕಲ್ಲ?' ಅಂದಳು. ಶಾಲೆ ಮೆಟ್ಟಿಲು ಹತ್ತದ ಹೆಣ್ಣುಮಗಳು ಕೇಳಿದ ಈ ಪ್ರಶ್ನೆಯೇ ಮರಣ ಕಾರಣದ ಪ್ರಮಾಣಪತ್ರ ತುಂಬುವ ಮೊದಲ ನಿಯಮ. ಹೃದಯ ನಿಲ್ಲುವುದು ಸಾಯುವ ರೀತಿ, ಸಾವಿನ ಕಾರಣ ಅಲ್ಲ. ಅದನ್ನೊಂದೇ ಕಾರಣ ಅಂತ ಬರೆಯಬಾರದು ಎಂದು ಎಂಬಿಬಿಎಸ್ ಹುಡುಗರಿಗೂ ಪಾಠ ಹೇಳುತ್ತಾರೆ.

ಖಣಿ ಮಾಲೀಕರ ಕಡೆಯವರು ಅದೇ ಸಾಲನ್ನು ಹಿಡಿದರು. ಹಾರ್ಟ್ ಅಟ್ಯಾಕ್ ಆಗಿದೆ, ಅದು ಅವನ ಸ್ವಂತ ಕಾಯಿಲೆ, ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದರು. ಬಿಸಿಲಿಗೆ ಸತ್ತ, ಕೆಲಸದ ಭಾರಕ್ಕೆ ಸತ್ತ ಅಂತ ಇವಳು. ಪರಿಹಾರದ ಅರ್ಜಿ ಇವತ್ತಿಗೂ ಅಲ್ಲೇ ನಿಂತಿದೆ. ಯಾರ ಮಾತು ಸರಿ ಅಂತ ಹೇಳಲು ಈಗ ಯಾರಿಂದಲೂ ಆಗುವುದಿಲ್ಲ. ಅವನ ತೊಡೆಯ ರಕ್ತನಾಳದಿಂದ ಒಂದು ಸಿರಿಂಜ್ ರಕ್ತ ತೆಗೆದಿಡಲಿಲ್ಲ. ಹೃದಯದ ಒಂದು ಚೂರನ್ನು, ಕೆಡದ ಹಾಗೆ ಇಡುವ ಫಾರ್ಮಲಿನ್‌ಗೆ ಹಾಕಲಿಲ್ಲ. ವಿಸೆರಾ ಇತ್ತಲ್ಲ ಅಂತ ಕೇಳಬಹುದು. ವಿಸೆರಾ ಹೋಗುವುದು ಉಪ್ಪಿನ ನೀರಿನಲ್ಲಿ. ವಿಷ ಹುಡುಕಲು ಅದು ಸರಿ. ಹೃದಯಕ್ಕೆ ಏನಾಗಿತ್ತು ಅನ್ನುವುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ. ಅವನನ್ನು ಪೋಸ್ಟ್‌ಮಾರ್ಟಂ ಆದ ದಿನವೇ ಸಂಜೆ ಮಣ್ಣು ಮಾಡಿದ್ದರು.

ಎರಡನೆಯದು ಬೇರೆ ಥರದ ತಪ್ಪು. ನಮ್ಮ ಓಣಿಯ ಒಂದು ಕುಟುಂಬದ ಯಜಮಾನ ಬೈಕ್ ಮೇಲೆ ಊರಿಗೆ ಹೊರಟವರು ರಸ್ತೆ ಬದಿಯ ಕಲ್ಲಿಗೆ ಹೊಡೆದು ಬಿದ್ದರು. ಎದೆಗೆ ಪೆಟ್ಟಾಗಿತ್ತು. ಆಂಬುಲೆನ್ಸ್‌ನಲ್ಲಿ ಎದೆ ಒತ್ತಿ ಒತ್ತಿ ಉಳಿಸಲು ನೋಡಿದ್ದರು, ಆಗಲಿಲ್ಲ. ಮರುದಿನ ಪೋಸ್ಟ್‌ಮಾರ್ಟಂ ಹೊತ್ತಿಗೆ ಯಾರಿಗೋ ಒಂದು ವಿಚಾರ ಹೊಳೆದಿದೆ: ಮೊದಲು ಹಾರ್ಟ್ ಅಟ್ಯಾಕ್ ಆಗಿ ಆಮೇಲೆ ಬಿದ್ದಿರಬಹುದಾ? ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಹುಡುಕಿದ ದಾರಿ ನೋಡಿ. ಹೃದಯದ ಕೋಣೆಯಿಂದಲೇ ರಕ್ತ ಎಳೆದು, ಕ್ಯಾಶುವಾಲ್ಟಿಯಲ್ಲಿ ಇರುವ ಟ್ರೋಪೋನಿನ್ ಕಾರ್ಡ್ ಮೇಲೆ ಹನಿ ಬಿಟ್ಟರು. ಎರಡು ಗುಲಾಬಿ ಗೆರೆ ಬಂದವು. 'ಟ್ರೋಪೋನಿನ್ ಪಾಸಿಟಿವ್' ಅಂತ ದಾಖಲೆಯಲ್ಲಿ ಬರೆದರು.

ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇತ್ತು. ಅಪಘಾತದಲ್ಲಿ ಸತ್ತರೆ 2 ಲಕ್ಷ ರೂಪಾಯಿ. ಹಾರ್ಟ್ ಅಟ್ಯಾಕ್‌ಗೆ ಅದು ಸಿಗುವುದಿಲ್ಲ. ವಿಮೆಯವರು ಆ ಎರಡು ಗೆರೆಗಳನ್ನು ತೋರಿಸಿ ಅರ್ಜಿ ತಿರಸ್ಕರಿಸಿದರು. ಮನೆಯವರು ಕಾಗದ ತಂದು ತೋರಿಸಿದಾಗ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಯಾಕೆಂದರೆ ಆ ಪರೀಕ್ಷೆಯಿಂದ ಆ ತೀರ್ಮಾನಕ್ಕೆ ಬರಲು ಸಾಧ್ಯವೇ ಇಲ್ಲ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಮ್ಮ ಜೊತೆಗೆ ಜನರೂ ಇದನ್ನು ಓದಲಿ ಅನ್ನುವ ಆಸೆ ನನ್ನದು.

ಟ್ರೋಪೋನಿನ್ ಅನ್ನುವುದು ಹೃದಯದ ಸ್ನಾಯು ಕುಗ್ಗಿ ಹಿಗ್ಗಲು ಬೇಕಾದ ಒಂದು ಪ್ರೋಟೀನ್. ಅದರಲ್ಲಿ ಟಿ ಮತ್ತು ಐ ಅನ್ನುವ ಎರಡು ಬಗೆಗಳಿಗೆ ಹೃದಯದ್ದೇ ಆದ ರೂಪ ಇದೆ, ಹಾಗಾಗಿ ಅವನ್ನು ಅಳೆಯುತ್ತೇವೆ. ಅದು ಇರಬೇಕಾದ ಜಾಗ ಜೀವಕೋಶದ ಒಳಗೆ. ರಕ್ತದಲ್ಲಿ ಜಾಸ್ತಿ ಸಿಕ್ಕರೆ ಹೃದಯದ ಜೀವಕೋಶಗಳಿಗೆ ಪೆಟ್ಟಾಗಿದೆ ಅಂತ ಅರ್ಥ. ಬದುಕಿರುವ ಮನುಷ್ಯನಲ್ಲಿ ಹಾರ್ಟ್ ಅಟ್ಯಾಕ್ ಆದ ಮೂರ್ನಾಲ್ಕು ಗಂಟೆಯಲ್ಲಿ ಇದು ಏರುತ್ತದೆ. ಈಗಿನ ಸೂಕ್ಷ್ಮ ಯಂತ್ರಗಳಲ್ಲಿ ಇನ್ನೂ ಬೇಗ ಗೊತ್ತಾಗುತ್ತದೆ. ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ರಕ್ತದಲ್ಲಿ ಉಳಿಯುತ್ತದೆ. ಸಿಕೆ-ಎಂಬಿ ಅನ್ನುವ ಹಳೆಯ ಪರೀಕ್ಷೆ ಎರಡು ಮೂರು ದಿನದಲ್ಲಿ ಇಳಿದುಬಿಡುತ್ತದೆ. ಮಯೋಗ್ಲೋಬಿನ್ ಅನ್ನುವ ಸ್ನಾಯುವಿನ ಇನ್ನೊಂದು ಪ್ರೋಟೀನ್ ಎಲ್ಲಕ್ಕಿಂತ ಬೇಗ ಏರುತ್ತದೆ. ಆದರೆ ಅದು ಕೈಕಾಲಿನ ಸ್ನಾಯುವಿನಲ್ಲೂ ಇರುವುದರಿಂದ ಅದೊಂದನ್ನೇ ನಂಬಲು ಬರುವುದಿಲ್ಲ.

ಗಮನಿಸಿ, ಇಲ್ಲಿ ನಾನು ಹೇಳಿದ್ದು ಹೃದಯಕ್ಕೆ 'ಪೆಟ್ಟು' ಅಂತ. ಹಾರ್ಟ್ ಅಟ್ಯಾಕ್ ಅಂತ ಅಲ್ಲ. ರಕ್ತನಾಳ ಕಟ್ಟಿದರೂ ಟ್ರೋಪೋನಿನ್ ಏರುತ್ತದೆ. ಹ್ಯಾಂಡಲ್ ಎದೆಗೆ ಬಡಿದರೂ ಏರುತ್ತದೆ. ಕರೆಂಟ್ ಹೊಡೆದರೂ, ಇದ್ದಿಲ ಹೊಗೆ ಕುಡಿದರೂ, ಬಿಸಿಲಿಗೆ ಮೈ ಕಾದು ಕುಸಿದರೂ, ರಕ್ತಕ್ಕೆ ನಂಜೇರಿದರೂ ಏರುತ್ತದೆ. ಕಿಡ್ನಿ ಕಾಯಿಲೆ ಇದ್ದವರಲ್ಲಿ ಮೊದಲೇ ಏರಿರುತ್ತದೆ. ಉಳಿಸಲು ಎದೆ ಒತ್ತಿದರೂ ಏರುತ್ತದೆ. ಆ ಬೈಕ್ ಸವಾರರಿಗೆ ಎದೆಗೆ ಪೆಟ್ಟಾಗಿತ್ತು, ಎದೆ ಒತ್ತಿಯೂ ಇದ್ದರು. ಇನ್ನು ಕಾರ್ಡ್ ಪಾಸಿಟಿವ್ ಬಾರದೆ ಏನಾಗುತ್ತದೆ?

ಇದರ ಮೇಲೆ ಸಾವು ಅನ್ನುವುದೇ ಒಂದು ಲೆಕ್ಕ. ಜೀವ ಹೋದ ಮೇಲೆ ಜೀವಕೋಶದ ಗೋಡೆ ಒಡೆಯಲು ಶುರುವಾಗುತ್ತದೆ. ಹಸಿ ಗಡಿಗೆಯಿಂದ ನೀರು ಜಿನುಗುವ ಹಾಗೆ ಒಳಗಿದ್ದ ಟ್ರೋಪೋನಿನ್ ಸುತ್ತಲ ರಕ್ತಕ್ಕೆ, ನೀರಿಗೆ ಜಿನುಗುತ್ತದೆ. ಹೊತ್ತು ಕಳೆದಷ್ಟೂ ಜಾಸ್ತಿ. ಶೆಕೆ ಇದ್ದಷ್ಟೂ ಬೇಗ. ಎಲ್ಲಕ್ಕಿಂತ ಜಾಸ್ತಿ ಜಿನುಗುವುದು ಹೃದಯದ ಒಳಗಿರುವ ರಕ್ತಕ್ಕೆ, ಯಾಕೆಂದರೆ ಅದು ಆ ಸ್ನಾಯುವಿಗೆ ಅಂಟಿಕೊಂಡೇ ಇರುತ್ತದೆ. ಹೃದಯದ ಕಾಯಿಲೆಯೇ ಇಲ್ಲದೆ ಸತ್ತವರಲ್ಲೂ ಅಲ್ಲಿನ ಟ್ರೋಪೋನಿನ್ ಬದುಕಿದ್ದವರ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅದಕ್ಕೇ ಸತ್ತವರ ಪರೀಕ್ಷೆಗೆ ತೊಡೆಯ ರಕ್ತನಾಳದ ರಕ್ತ ಬೇಕು. ಅದು ಹೃದಯದಿಂದ ದೂರ ಇರುತ್ತದೆ. ಕ್ಯಾಶುವಾಲ್ಟಿ ಕಾರ್ಡಿನ ಮಿತಿ ಬದುಕಿರುವವರ ರಕ್ತಕ್ಕೆ ಅಂತ ಗೊತ್ತು ಮಾಡಿದ್ದು. ಸತ್ತವರ ಹೃದಯದ ರಕ್ತ ಅದರ ಮೇಲೆ ಹಾಕಿ ತೀರ್ಪು ಬರೆಯುವುದು ಅನ್ಯಾಯ.

ಹಾಗಾದರೆ ಈ ಪರೀಕ್ಷೆಯೇ ಬೇಡ ಅನ್ನುತ್ತೀರಾ ಅಂತ ತಾವು ಕೇಳಬಹುದು. ಖಂಡಿತ ಬೇಕು. ಅದರ ಬೆಲೆ ಗೊತ್ತಿರುವುದರಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಎದೆನೋವು ಬಂದು ಎರಡು ಗಂಟೆಯಲ್ಲಿ ಸತ್ತವನ ಹೃದಯವನ್ನು ಡಾಕ್ಟರು ಕೈಯಲ್ಲಿ ಹಿಡಿದು ನೋಡಿದರೂ ಸ್ನಾಯುವಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬರಿಗಣ್ಣಿಗೆ ಕಾಣುವ ಬದಲಾವಣೆಗೆ ಸುಮಾರು 12 ಗಂಟೆ ಬೇಕು. ಮೈಕ್ರೋಸ್ಕೋಪಿನಲ್ಲೂ ಖಚಿತವಾಗಿ ಹೇಳಲು ನಾಲ್ಕು ಗಂಟೆಯಿಂದ ಮೇಲೆ ಆಗಿರಬೇಕು. ಹಠಾತ್ತಾಗಿ ಸಾಯುವವರು ಅಷ್ಟು ಹೊತ್ತು ಎಲ್ಲಿ ಬದುಕಿರುತ್ತಾರೆ? ಆ ಮೊದಲ ಕೆಲವು ಗಂಟೆಗಳ ಕತ್ತಲಲ್ಲಿ ಏನಾದರೂ ಸುಳಿವು ಸಿಗಬಹುದು ಅಂದರೆ ಅದು ರಕ್ತದಲ್ಲಿ ಮತ್ತು ಹೃದಯ ಚೀಲದ ನೀರಿನಲ್ಲಿ.

ಹೃದಯ ಚೀಲದ ನೀರಿನ ಬಗ್ಗೆ ಎರಡು ಮಾತು. ಹೃದಯದ ಸುತ್ತ ತೆಳುವಾದ ಒಂದು ಚೀಲ ಇದೆ. ಅದರೊಳಗೆ ಎಲ್ಲರಿಗೂ ಸ್ವಲ್ಪ ನೀರು ಇರುತ್ತದೆ, ತಿಳಿ ಹಳದಿ ಬಣ್ಣದ್ದು. ಸತ್ತ ಮೇಲೆ ರಕ್ತ ಬೇಗ ಕೆಡುತ್ತದೆ. ಕೆಂಪು ಕಣ ಒಡೆದು, ಮಷೀನಿಗೆ ಹಾಕಲಿಕ್ಕೆ ಬರದ ಹಾಗೆ ದಪ್ಪ ಕೆಂಪು ನೀರಾಗುತ್ತದೆ. ಚೀಲದೊಳಗಿನ ನೀರು ಮುಚ್ಚಿದ ಜಾಗದಲ್ಲಿ ಇರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಚೆನ್ನಾಗಿ ಉಳಿಯುತ್ತದೆ. ಎದೆ ತೆರೆದ ಮೇಲೆ, ಹೃದಯವನ್ನು ಹೊರಗೆ ತೆಗೆಯುವ ಮುಂಚೆ, ಚೀಲಕ್ಕೆ ಸಣ್ಣದೊಂದು ಕೊಯ್ತ ಕೊಟ್ಟು ಸಿರಿಂಜಿನಿಂದ ಎಳೆದುಕೊಂಡರೆ ಆಯಿತು. ಅದರಲ್ಲೂ ಟ್ರೋಪೋನಿನ್ ಹೊತ್ತು ಕಳೆದ ಹಾಗೆ ಏರುತ್ತದೆ ಅನ್ನುವುದು ನಿಜ. ಆದರೆ ತೊಡೆಯ ರಕ್ತ ಮತ್ತು ಚೀಲದ ನೀರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಸತ್ತು ಎಷ್ಟು ಹೊತ್ತಾಗಿತ್ತು ಅಂತ ಗೊತ್ತಿದ್ದು ನೋಡಿದರೆ, ತಿಳಿದವರಿಗೆ ಅದರಿಂದ ಕೆಲಸಕ್ಕೆ ಬರುವ ಮಾತು ಸಿಗುತ್ತದೆ.

ಇದರ ಜೊತೆಗೆ ಕಣ್ಣಿನೊಳಗಿನ ದ್ರವ ಇದೆ. ಅದು ಎಲ್ಲಕ್ಕಿಂತ ನಿಧಾನ ಕೆಡುವಂಥದು. ಅದರಲ್ಲಿ ಯೂರಿಯಾ, ಕ್ರಿಯಾಟಿನಿನ್ ನೋಡಿದರೆ ಸತ್ತವರಿಗೆ ಕಿಡ್ನಿ ಕಾಯಿಲೆ ಇತ್ತೇ ಅಂತ ತಿಳಿಯುತ್ತದೆ. ಟ್ರೋಪೋನಿನ್ ಏರಿದ್ದು ಅದಕ್ಕೇನಾ ಅನ್ನುವ ಅನುಮಾನ ಆಗ ಬಗೆಹರಿಯುತ್ತದೆ. ಸಕ್ಕರೆ ವಿಪರೀತ ಏರಿ ಸತ್ತಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಎನ್‌ಟಿ-ಪ್ರೋಬಿಎನ್‌ಪಿ ಅನ್ನುವ ಇನ್ನೊಂದು ಪರೀಕ್ಷೆ ಹೃದಯ ಮೊದಲೇ ಸೋತಿತ್ತೇ ಅಂತ ಹೇಳುತ್ತದೆ. ಸತ್ತ ಮೇಲೂ ಅದು ಅಷ್ಟಾಗಿ ಬದಲಾಗುವುದಿಲ್ಲ ಅನ್ನುವುದು ದೊಡ್ಡ ಅನುಕೂಲ. ನನ್ನ ಸೋದರಮಾವನ ಮಗನಿಗೆ ಈ ಎಲ್ಲ ಪರೀಕ್ಷೆ ಮಾಡಿದ್ದರೆ, ಹೃದಯದ ರಕ್ತನಾಳಗಳನ್ನು ಅಡ್ಡಡ್ಡ ಕೊಯ್ದು ಎಲ್ಲಿ ಕಟ್ಟಿದೆ ಅಂತ ಬರೆದಿದ್ದರೆ, ಮೂತ್ರದಲ್ಲಿ ಮಯೋಗ್ಲೋಬಿನ್ ನೋಡಿದ್ದರೆ, ಬಿಸಿಲಿಗೆ ಮೈಯ ಸ್ನಾಯುಗಳೆಲ್ಲ ಒಡೆದು ಸತ್ತನೋ ಅಥವಾ ರಕ್ತನಾಳ ಕಟ್ಟಿ ಸತ್ತನೋ ಅಂತ ವಾದ ಮಾಡಲು ಒಂದು ಆಧಾರ ಇರುತ್ತಿತ್ತು. ಅವನ ಹೆಂಡತಿಗೆ ವಿರುದ್ಧವಾಗಿ ಬಂದಿದ್ದರೂ ಪರವಾಗಿಲ್ಲ, ಅವಳಿಗೆ ಒಂದು ಉತ್ತರ ಸಿಗುತ್ತಿತ್ತು.

ಮಿತಿಗಳನ್ನೂ ಹೇಳಲೇಬೇಕು. ಹೃದಯದ ಬಡಿತದ ಲಯ ತಪ್ಪಿ ನಿಮಿಷಗಳಲ್ಲಿ ಸತ್ತವರಲ್ಲಿ ಟ್ರೋಪೋನಿನ್ ರಕ್ತಕ್ಕೆ ಬರಲು ಹೊತ್ತೇ ಇರುವುದಿಲ್ಲ. ಆಗ ಕಡಿಮೆ ಬಂತು ಅಂತ ಹೃದಯಕ್ಕೆ ಏನೂ ಆಗಿಲ್ಲ ಅನ್ನಲು ಬರುವುದಿಲ್ಲ. ಇಷ್ಟರ ಮೇಲಿದ್ದರೆ ಹಾರ್ಟ್ ಅಟ್ಯಾಕ್ ಅನ್ನುವ ಒಂದೇ ಗಡಿ ಸಂಖ್ಯೆ ಸತ್ತವರಿಗೆ ಇಲ್ಲ. ಬೇರೆ ಬೇರೆ ದೇಶದ ಅಧ್ಯಯನಗಳಲ್ಲಿ ಬೇರೆ ಬೇರೆ ಸಂಖ್ಯೆ ಬಂದಿವೆ, ಯಾಕೆಂದರೆ ಯಂತ್ರ ಬೇರೆ, ಹವೆ ಬೇರೆ, ರಕ್ತ ತೆಗೆದ ಜಾಗ ಬೇರೆ, ಕಾದ ಹೊತ್ತು ಬೇರೆ. ಹಾಗಾಗಿ ಈ ಸಂಖ್ಯೆ ಒಂದು ಸಾಕ್ಷಿ ಮಾತ್ರ. ಹೃದಯದ ತೂಕ, ರಕ್ತನಾಳ, ಮೈಕ್ರೋಸ್ಕೋಪ್ ಸ್ಲೈಡ್, ಮನೆಯವರು ಹೇಳಿದ ಲಕ್ಷಣ, ಇವೆಲ್ಲ ಇನ್ನುಳಿದ ಸಾಕ್ಷಿಗಳು. ಒಂದೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದು, ಹಾಗಂತ ಆ ಸಾಕ್ಷಿಯನ್ನು ಕರೆಯದೇ ಇರುವುದೂ ತಪ್ಪು.

ನಮ್ಮ ಭಾಗಕ್ಕೆ ಇದು ಬೇರೆ ಕಡೆಗಿಂತ ಜಾಸ್ತಿ ಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಇಲ್ಲಿ ಮನುಷ್ಯ ಹೊಲದಲ್ಲಿ ಬಿದ್ದು ಸತ್ತರೆ ಕಾರಣ ಹತ್ತು ಇರಬಹುದು. ತೊಗರಿಗೆ ಎಣ್ಣೆ ಹೊಡೆಯುತ್ತಿದ್ದರೆ ಅದರ ವಿಷ. ಮೇ ತಿಂಗಳಾದರೆ ಬಿಸಿಲು. ಮಳೆಗಾಲವಾದರೆ ಹಾವು, ಸಿಡಿಲು, ಪಂಪ್‌ಸೆಟ್ಟಿನ ಕರೆಂಟ್. ಸಕ್ಕರೆ ಕಾಯಿಲೆ, ಬಿಪಿ ಇರುವುದು ಗೊತ್ತೇ ಇಲ್ಲದವರು ಮನೆಮನೆಯಲ್ಲೂ ಇದ್ದಾರೆ. ಪ್ರತಿಯೊಂದಕ್ಕೂ ಪರಿಹಾರದ ದಾರಿ ಬೇರೆ, ಇಲಾಖೆ ಬೇರೆ. ಕಾರಣ ಗೊತ್ತಿಲ್ಲದಿದ್ದರೆ ಎಲ್ಲ ಬಾಗಿಲೂ ಮುಚ್ಚಿದ ಹಾಗೆ. ಇದರ ಮೇಲೆ ನಮ್ಮ ಶೆಕೆ ಸ್ಯಾಂಪಲ್ಲಿನ ಶತ್ರು. ತಂಪು ಊರಿನಲ್ಲಿ ಒಂದು ದಿನ ತಡೆಯುವ ರಕ್ತ ನಮ್ಮಲ್ಲಿ ಫ್ರೀಜರ್ ಇಲ್ಲದೆ ಒಂದು ರಾತ್ರಿ ತಡೆಯುವುದಿಲ್ಲ. ಬೀದರ್ ಜಿಲ್ಲೆಯ ಔರಾದ್, ಯಾದಗಿರಿ ಜಿಲ್ಲೆಯ ಹುಣಸಗಿಯಂಥ ಊರುಗಳಿಂದ ಕಲಬುರಗಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ಸ್ಯಾಂಪಲ್ ಅಲ್ಲೇ ತೆಗೆದು, ಅಲ್ಲೇ ಯಂತ್ರದಲ್ಲಿ ತಿರುಗಿಸಿ ರಕ್ತದ ತಿಳಿ ಬೇರೆ ಮಾಡಿ, ಅಲ್ಲೇ ತಂಪು ಮಾಡದೆ ಬೇರೆ ದಾರಿ ಇಲ್ಲ.

ಸರ್ಕಾರ ಹೃದಯದ ವಿಚಾರದಲ್ಲಿ ಕೆಲಸ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಮೊದಲು ಇದಕ್ಕೆ ಜನ ಹೈದರಾಬಾದ್, ಸೋಲಾಪುರ ಅಂತ ಓಡುತ್ತಿದ್ದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ರಕ್ತ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬದುಕಿದ್ದಾಗ ಬಂದವರಿಗೆ ಇಷ್ಟು ಮಾಡುವ ಸರ್ಕಾರಕ್ಕೆ, ಬರುವ ಮುಂಚೆಯೇ ಸತ್ತವರಿಗೆ ಏನಾಗಿತ್ತು ಅಂತ ತಿಳಿಯುವ ಅಗತ್ಯವೂ ಇದೆ ಅಲ್ವಾ? ಅವರ ಸಾವು ಏನು ಅಂತ ತಿಳಿದರೆ ತಾನೇ ಯಾವ ತಾಲ್ಲೂಕಿನಲ್ಲಿ ಹೃದಯ ಕಾಯಿಲೆ ಜಾಸ್ತಿ, ಎಲ್ಲಿ ಬಿಸಿಲಿನ ಸಾವು ಜಾಸ್ತಿ ಅಂತ ಯೋಜನೆ ಮಾಡಲು ಬರುವುದು? ಸತ್ತವನಿಗೆ ಹುಟ್ಟಿನಿಂದ ಬಂದ ಹೃದಯದ ದೋಷ ಇತ್ತು ಅಂತ ಗೊತ್ತಾದರೆ ಅವನ ತಮ್ಮನನ್ನು, ಮಗನನ್ನು ಇಸಿಜಿ, ಎಕೋ ಮಾಡಿಸಿ ಉಳಿಸಿಕೊಳ್ಳಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳನ್ನು ಇಡುತ್ತೇನೆ.

ಮೊದಲನೆಯದು ಒಂದು ಸುತ್ತೋಲೆ. ಹಠಾತ್ ಸಾವಿನ ಪ್ರತಿ ಪೋಸ್ಟ್‌ಮಾರ್ಟಂನಲ್ಲೂ, ಎದೆ ತೆರೆಯುವ ಮುಂಚೆ ತೊಡೆಯ ರಕ್ತನಾಳದಿಂದ ರಕ್ತ, ತೆರೆದ ಮೇಲೆ ಹೃದಯ ಚೀಲದಿಂದ ನೀರು, ಹಾಗೇ ಕಣ್ಣಿನ ದ್ರವ ತೆಗೆಯುವುದು ಕಡ್ಡಾಯ ಆಗಲಿ. ಹೃದಯದ ಕೋಣೆಯ ರಕ್ತದಿಂದ ಟ್ರೋಪೋನಿನ್ ನೋಡಿ ಕಾರಣ ಬರೆಯಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಕಾರ್ಡ್ ಟೆಸ್ಟ್ ಶವಾಗಾರದಲ್ಲಿ ಬೇಡವೇ ಬೇಡ. ಹೃದಯದ ರಕ್ತನಾಳಗಳನ್ನು ಕೊಯ್ದು ನೋಡಿದ್ದು, ಹೃದಯದ ತೂಕ, ಫಾರ್ಮಲಿನ್‌ಗೆ ಹಾಕಿದ ಚೂರುಗಳು ಎಲ್ಲೆಲ್ಲಿಯವು, ಇವೂ ವರದಿಯಲ್ಲಿ ಬರಬೇಕು.

ಸ್ಯಾಂಪಲ್ ಜೊತೆ ಒಂದು ಚೀಟಿ ಹೋಗಬೇಕು. ಕೊನೆಯ ಸಲ ಜೀವಂತ ನೋಡಿದ್ದು ಎಷ್ಟು ಗಂಟೆಗೆ, ಶವ ತಂಪಿಗೆ ಹೋದದ್ದು ಎಷ್ಟು ಗಂಟೆಗೆ, ಸ್ಯಾಂಪಲ್ ತೆಗೆದದ್ದು ಎಷ್ಟು ಗಂಟೆಗೆ, ಎದೆ ಒತ್ತಿದ್ದರಾ, ಶಾಕ್ ಕೊಟ್ಟಿದ್ದರಾ. ಈ ಚೀಟಿ ಇಲ್ಲದ ಟ್ರೋಪೋನಿನ್ ಸಂಖ್ಯೆಗೆ ಮೂರು ಕಾಸಿನ ಬೆಲೆ ಇಲ್ಲ. ಲ್ಯಾಬ್‌ನಲ್ಲಿ ಕೂತವಳಾಗಿ ಹೇಳುತ್ತಿದ್ದೇನೆ, ನಮಗೆ ಬರುವ ಎಷ್ಟೋ ಟ್ಯೂಬುಗಳ ಮೇಲೆ ಹೆಸರು ಬಿಟ್ಟರೆ ಏನೂ ಇರುವುದಿಲ್ಲ.

ಇನ್ನು ಸಾಮಾನು. ಪ್ರತಿ ತಾಲ್ಲೂಕು ಶವಾಗಾರದಲ್ಲಿ ಕೆಲಸ ಮಾಡುವ ಫ್ರೀಜರ್, ಅದಕ್ಕೆ ಕರೆಂಟ್ ಹೋದರೆ ನಡೆಯುವ ಜನರೇಟರ್, ರಕ್ತ ತಿರುಗಿಸಿ ಸೀರಂ ಬೇರೆ ಮಾಡಲು ಒಂದು ಸಣ್ಣ ಸೆಂಟ್ರಿಫ್ಯೂಜ್, ಮೈನಸ್ 20 ಡಿಗ್ರಿಯ ಒಂದು ಡೀಪ್ ಫ್ರೀಜರ್. ಇಷ್ಟೇ. ಪರೀಕ್ಷೆ ಮಾಡುವ ಯಂತ್ರ ಹೊಸದಾಗಿ ಕೊಳ್ಳಬೇಕಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಅವುಗಳಲ್ಲಿ ಯಾವುದಾದರೂ ಒಂದನ್ನು ಈ ಭಾಗದ ಕೇಂದ್ರ ಅಂತ ಗೊತ್ತು ಮಾಡಿ, ಎಲ್ಲ ಸ್ಯಾಂಪಲ್ ಒಂದೇ ಯಂತ್ರದಲ್ಲಿ, ಒಂದೇ ಪದ್ಧತಿಯಲ್ಲಿ ನೋಡಲಿ. ಆಗ ಕೆಲವು ವರ್ಷದಲ್ಲಿ ನಮ್ಮ ಶೆಕೆಗೆ, ನಮ್ಮ ಜನಕ್ಕೆ ಹೊಂದುವ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ. 2025–26ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ರೂಪಾಯಿ ಕೊಟ್ಟಿದ್ದೀರಿ. ರಸ್ತೆ, ಕಟ್ಟಡ ಬೇಕು, ಯಾರೂ ಬೇಡ ಅನ್ನುವುದಿಲ್ಲ. ಅದರಲ್ಲಿ ಚೂರು ಶವಾಗಾರಕ್ಕೂ ಬರಲಿ. ಮಂಡಳಿಯ ಅಧ್ಯಕ್ಷರಿಗೆ ಈ ಪತ್ರದ ಪ್ರತಿ ಕಳಿಸಿರುವುದು ಅದಕ್ಕೇ.

ತಾಲ್ಲೂಕಿನ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆ ಓಪಿಡಿಯಲ್ಲಿ ಇನ್ನೂರು ಜನರನ್ನು ನೋಡಿ, ಮಧ್ಯೆ ಹೆರಿಗೆಗೆ ಓಡಿ, ಆಮೇಲೆ ಪೋಸ್ಟ್‌ಮಾರ್ಟಂ ಮಾಡುವವರು ಅವರು. ಫೋರೆನ್ಸಿಕ್ ಓದಿದವರು ತಾಲ್ಲೂಕಿನಲ್ಲಿ ಎಲ್ಲಿದ್ದಾರೆ? ಅವರಿಗೆ ಮೆಡಿಕಲ್ ಕಾಲೇಜಿನ ಫೋರೆನ್ಸಿಕ್ ಮತ್ತು ಬಯೋಕೆಮಿಸ್ಟ್ರಿ ವಿಭಾಗದವರಿಂದ ತರಬೇತಿ ಕೊಡಿಸಿ. ಶವಾಗಾರದ ಸಿಬ್ಬಂದಿಗೂ, ಲ್ಯಾಬ್ ಟೆಕ್ನಿಷಿಯನ್‌ಗಳಿಗೂ ಅದರಲ್ಲಿ ಜಾಗ ಇರಲಿ. ಸಿರಿಂಜ್ ಹಿಡಿಯುವುದು, ಟ್ಯೂಬ್ ತಿರುಗಿಸುವುದು ಕೊನೆಗೆ ಅವರೇ. ಅನುಮಾನ ಬಂದಾಗ ಫೋನ್ ಮಾಡಿ ಕೇಳಲು ಒಬ್ಬ ಫೋರೆನ್ಸಿಕ್ ತಜ್ಞರ ನಂಬರ್ ಗೋಡೆ ಮೇಲೆ ಇದ್ದರೆ ಸಾಕು, ಎಷ್ಟೋ ತಪ್ಪು ತಪ್ಪುತ್ತದೆ.

ಮನೆಯವರ ವಿಷಯಕ್ಕೂ ಬರುತ್ತೇನೆ. ನಮ್ಮ ಕಡೆ ಜನ ಪೋಸ್ಟ್‌ಮಾರ್ಟಂ ಅಂದರೆ ಹೆದರುತ್ತಾರೆ. 'ಕೊಯ್ಯಬ್ಯಾಡ್ರಿ ಸಾಹೇಬ್ರ, ಹಂಗೇ ಕೊಡ್ರಿ' ಅಂತ ಕೈ ಮುಗಿಯುತ್ತಾರೆ. ಅದು ಅವರ ನೋವು, ಅದಕ್ಕೆ ಮರ್ಯಾದೆ ಕೊಡಬೇಕು. ಏನು ತೆಗೆಯುತ್ತೇವೆ, ಯಾಕೆ ತೆಗೆಯುತ್ತೇವೆ, ಯಾವಾಗ ಶವ ಕೊಡುತ್ತೇವೆ ಅಂತ ಅವರ ಮಾತಲ್ಲಿ ಕೂರಿಸಿ ಹೇಳುವವರು ಒಬ್ಬರು ಇರಬೇಕು. ಸ್ಯಾಂಪಲ್‌ನಿಂದ ಶವ ಕೊಡಲು ತಡ ಆಗುವುದಿಲ್ಲ ಅಂತ ಭರವಸೆ ಕೊಡಬೇಕು. ಸೌಲಭ್ಯ ಇರುವ ಆಸ್ಪತ್ರೆಯಲ್ಲಿ ಸೂರ್ಯ ಮುಳುಗಿದ ಮೇಲೂ ಪೋಸ್ಟ್‌ಮಾರ್ಟಂ ಮಾಡಬಹುದು ಅಂತ ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲೇ ಹೇಳಿದೆ, ಕೊಲೆ, ಆತ್ಮಹತ್ಯೆಯಂಥ ಪ್ರಕರಣ ಬಿಟ್ಟು. ದೀಪ, ಸಿಬ್ಬಂದಿ ಇರುವ ಕಡೆ ಅದನ್ನು ಜಾರಿಗೆ ತಂದರೆ ಶವವೂ ಬೇಗ ಮನೆಗೆ ಹೋಗುತ್ತದೆ, ರಕ್ತವೂ ಕೆಡುವುದಿಲ್ಲ. ಅಂತಿಮ ವರದಿ ಬಂದ ಮೇಲೆ ಅದರ ಪ್ರತಿ ಮನೆಯವರಿಗೆ ಕನ್ನಡದಲ್ಲಿ ಸಿಗಲಿ, ಅವರು ಠಾಣೆಗೂ ಆಸ್ಪತ್ರೆಗೂ ಅಲೆಯುವುದು ಬೇಡ.

ಕೊನೆಯದಾಗಿ, 'ಹೃದಯ ನಿಂತು ಸಾವು' ಅಂತ ಅಷ್ಟೇ ಬರೆದ ಪ್ರಮಾಣಪತ್ರಗಳನ್ನು ಜಿಲ್ಲಾ ಮಟ್ಟದಲ್ಲಿ ವಾಪಸ್ ಕಳಿಸುವ ವ್ಯವಸ್ಥೆ ಮಾಡಿ. ಕಾರಣ ಸಿಗದಿದ್ದರೆ ಸಿಕ್ಕಿಲ್ಲ ಅಂತಲೇ ಬರೆಯಲಿ, ಏನೇನು ಪರೀಕ್ಷೆ ಮಾಡಿದೆವು ಅಂತ ಕೆಳಗೆ ಬರೆಯಲಿ. ಅದು ಪ್ರಾಮಾಣಿಕವಾದ ಉತ್ತರ. ಟ್ರೋಪೋನಿನ್ ಪಾಸಿಟಿವ್ ಅನ್ನುವ ಒಂದೇ ಕಾರಣಕ್ಕೆ ಅಪಘಾತ ವಿಮೆ ತಿರಸ್ಕರಿಸಿದ ಪ್ರಕರಣಗಳನ್ನು ಫೋರೆನ್ಸಿಕ್ ತಜ್ಞರಿಂದ ಮತ್ತೆ ನೋಡಿಸಲು ಜಿಲ್ಲಾಧಿಕಾರಿಗಳಿಗೆ ಸೂಚಿಸಿ. ಆ ಬೈಕ್ ಸವಾರರ ಮನೆಯವರ ಕಾಗದಗಳು ನನ್ನ ಹತ್ತಿರ ಇವೆ. ತಾವು ಹೇಳಿದ ಅಧಿಕಾರಿಯ ಮುಂದೆ ಅವರ ಒಪ್ಪಿಗೆಯಿಂದ ತಂದು ಇಡುತ್ತೇನೆ. ತರಬೇತಿಗೆ ನನ್ನಂಥ ನಿವೃತ್ತರ ಕೈ ಬೇಕಿದ್ದರೆ ಸಂಬಳ ಇಲ್ಲದೆ ಬರಲು ತಯಾರಿದ್ದೇನೆ.

ಮುಂದಿನ ಬೇಸಿಗೆ ಶುರುವಾಗುವ ಮುಂಚೆ, ಅಂದರೆ ಮಾರ್ಚ್ ಒಳಗೆ, ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಗಾದರೂ ಈ ಸುತ್ತೋಲೆ ಹೊರಡಿಸಬೇಕು, ಶವಾಗಾರಗಳ ಫ್ರೀಜರ್ ರಿಪೇರಿ ಆಗಬೇಕು ಅಂತ ಕೈ ಮುಗಿದು ಕೇಳುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಕಲಬುರಗಿ